ಹೋರಿಯ ಗುಂಡಿ

ನಾನು ಗಂಡಸಿ ಕಡೆಯ ಆ ಮನೆಗೆ ಸೊಸೆಯಾಗಿ ಹೋದಾಗ ಕೊಟ್ಟಿಗೆಯಲ್ಲಿ ಎಂಬತ್ತಕ್ಕೂ ಹೆಚ್ಚು ದನಗಳಿದ್ದವು. ನಮ್ಮಪ್ಪ ಬೇಲೂರಿನಲ್ಲಿ ಮೇಷ್ಟರು. ತವರಿನಲ್ಲಿದ್ದದ್ದು ಒಂದೇ ಹಸು. ಇಲ್ಲಿ ಮಾವನವರು ಹೋರಿ ಸಾಕುವುದರಲ್ಲಿ ಸುತ್ತಮುತ್ತ ಹೆಸರಾದವರು. ಹೋರಿಗರುಗಳನ್ನು ಕೆಡವಿ ಬೀಜ ಒಡೆಯುವುದು, ಕಾದ ಕಬ್ಬಿಣದಿಂದ ತೊಡೆಗೆ ಬರೆ ಹಾಕುವುದು, ಮಲಗಿ ಹಟ ಮಾಡುವ ಎತ್ತಿನ ಬಾಲ ಕಚ್ಚಿ ಎಬ್ಬಿಸುವುದು, ಎಲ್ಲವೂ ನಾನು ರಾಗಿ ಹಸನು ಮಾಡುವ ಅಂಗಳದಲ್ಲೇ ನಡೆಯುತ್ತಿತ್ತು. ಮೊದಲ ವಾರ ನನಗೆ ಊಟ ಸೇರಲಿಲ್ಲ. ವರ್ಷ ಕಳೆಯುವ ಹೊತ್ತಿಗೆ ಸುಟ್ಟ ಚರ್ಮದ ವಾಸನೆ ಮೂಗಿಗೆ ಬಡಿದರೂ ಮೊರದಲ್ಲಿ ಕೇರುವ ಕೈ ನಿಲ್ಲುತ್ತಿರಲಿಲ್ಲ.

ಮಾವನವರ ಕೈಯಲ್ಲಿ ಸದಾ ಹುಣಸೆ ಹಿಡಿಯ ಬಾರುಕೋಲು ಇರುತ್ತಿತ್ತು. ದನಕ್ಕೂ ಅದೇ, ಆಳಿಗೂ ಅದೇ, ಬೆಳೆದ ಗಂಡುಮಕ್ಕಳಿಗೂ ಅದೇ. ಅತ್ತೆ ತೀರಿಕೊಂಡು ಬಹಳ ಕಾಲವಾಗಿತ್ತು. ಅವರಿಗೆ ಇಬ್ಬರೇ ಗಂಡುಮಕ್ಕಳು, ನನ್ನ ಗಂಡ ಮತ್ತು ಮೈದುನ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ, ತಂದೆಯ ಹೆಜ್ಜೆ ಸದ್ದು ಕೇಳಿದರೆ ತಟ್ಟೆಯ ಮುಂದಿನಿಂದಲೂ ಎದ್ದು ನಿಲ್ಲುತ್ತಿದ್ದರು.

ಕೊಟ್ಟಿಗೆಯ ಸಗಣಿ ಬಾಚಲು ಒಬ್ಬ ಹೆಂಗಸು ಬರುತ್ತಿದ್ದಳು. ಅವಳ ಗಂಡ ಹಿಂದೆ ಆ ಮನೆಯ ದನಗಾಹಿ. ನನ್ನ ಮದುವೆಗೆ ಮೂರು ವರ್ಷ ಮೊದಲು, ಅವನ ಕಾವಲಿನಲ್ಲಿ ಬೀಜದ ಹೋರಿ ಎಳೆ ಜೋಳದ ಹೊಲಕ್ಕೆ ನುಗ್ಗಿ ಮೇದು ಹೊಟ್ಟೆ ಉಬ್ಬಿ ಸತ್ತಿತ್ತಂತೆ. ಎಳೆ ಜೋಳ ದನಕ್ಕೆ ವಿಷ. ಒಡೆಯರಿಗೆ ಹೆದರಿ ಅವನು ಅಂದೇ ಊರು ಬಿಟ್ಟು ಓಡಿಹೋದನೆಂದು ಎಲ್ಲರೂ ಹೇಳುತ್ತಿದ್ದರು. ಹೋರಿ ಕೊಂದವನ ಹೆಂಡತಿ ಎಂದೇ ಅವಳನ್ನು ಕರೆಯುತ್ತಿದ್ದರು. ನಾನೂ ಒಂದೆರಡು ಸಲ ಹಾಗೆ ಕರೆದದ್ದುಂಟು. ಅವಳು ಮಾತ್ರ ಕುಂಕುಮ ಇಡುವುದನ್ನು ಬಿಟ್ಟಿರಲಿಲ್ಲ.

ನಾನು ಬಂದ ಐದನೆಯ ವರ್ಷ, ಮಾವನವರೂ ನನ್ನ ಗಂಡನೂ ದನದ ಜಾತ್ರೆಗೆ ಹೋಗಿದ್ದಾಗ ಗ್ರಾಮಸೇವಕರು ಬಂದು, ಹಸಿಮೇವನ್ನು ಗುಂಡಿಯಲ್ಲಿ ಹುಗಿದಿಟ್ಟರೆ ಬೇಸಿಗೆಗೆ ಒದಗುತ್ತದೆ ಎಂದು ಹೇಳಿದರು. ಮೈದುನ ಉತ್ಸಾಹದಿಂದ ಹಿತ್ತಲಿನ ಬೇವಿನ ಮರದಾಚೆಗೆ ಆಳು ಹಚ್ಚಿದ. ಅಲ್ಲಿ ಹಳೆಯ ಹೋರಿಯನ್ನು ಹೂತಿದ್ದಾರೆಂದು ಅವನಿಗೆ ಗೊತ್ತಿತ್ತು, ಅದರ ಕೊಂಬು ಸಿಕ್ಕರೆ ಗೋಡೆಗೆ ಹಾಕೋಣ ಎಂದೂ ಹೇಳಿದ.

ಮಧ್ಯಾಹ್ನ ನಾನೂ ಆ ದನಗಾಹಿಯ ಹೆಂಡತಿಯೂ ಆಳುಗಳಿಗೆ ಬುತ್ತಿ ತೆಗೆದುಕೊಂಡು ಹೋದಾಗ ಕೊಂಬು ಮೇಲೆ ಬಂದಿತ್ತು. ಹೋರಿಯ ಪಕ್ಕೆಲುಬುಗಳನ್ನು ಎತ್ತಿ ಹಾಕುತ್ತಿದ್ದ ಆಳು ಇದ್ದಕ್ಕಿದ್ದಂತೆ ಗುದ್ದಲಿ ಕೆಳಗಿಟ್ಟ. ಅಡಿಯಲ್ಲಿ ಮನುಷ್ಯನ ತಲೆಬುರುಡೆಯಿತ್ತು, ಒಂದು ಪಕ್ಕ ಒಡೆದು ಒಳಕ್ಕೆ ಕುಸಿದಿತ್ತು. ಅವಳು ಗುಂಡಿಗೆ ಇಳಿದಳು. ಮಣ್ಣು ಕೆದಕಿ ಮುಂಗೈ ಮೂಳೆಯೊಂದನ್ನು ತೆಗೆದು ಸೆರಗಿನಿಂದ ಒರೆಸಿದಳು. ಅದು ನಡುವೆ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು.

"ಇದು ನಮ್ಮೋರ ಕೈ," ಎಂದಳು. "ಹೋರಿ ಒದ್ದು ಮುರೀತಲ್ಲ, ಆ ಕೈ. ನಾನೇ ಪಟ್ಟು ಕಟ್ಟಿದ್ದೆ."

ಮೈದುನನಿಗೆ ನಿಜವಾಗಿ ಏನೂ ಗೊತ್ತಿರಲಿಲ್ಲ, ಹುಡುಗನಾಗಿದ್ದಾಗ ನಡೆದದ್ದು. ಆದರೂ ಅವನ ಕೈ ಹೆಗಲಿಗೆ ಹಾಕಿಕೊಂಡಿದ್ದ ಚಾಟಿಗೇ ಹೋಯಿತು. ಮೂಳೆ ಬಿಡು ಎಂದು ಬೆನ್ನಿಗೆ ಬಾರಿಸಿದ, ರವಿಕೆ ಹರಿದು ರಕ್ತ ಬಂತು. ಅವಳು ಮೂಳೆಯನ್ನು ಎದೆಗೆ ಒತ್ತಿಕೊಂಡು ಮುದುಡಿ ಕೂತಳು, ಬಿಡಲಿಲ್ಲ. ನಾನು ನಡುವೆ ಹೋಗಿ ಒಂದು ಏಟು ತಿಂದಾಗ ಅವನಿಗೆ ಮೈಮೇಲೆ ಎಚ್ಚರ ಬಂತು. ಅವಳು ಎದ್ದು ಮೂಳೆಯನ್ನು ಸೆರಗಿಗೆ ಕಟ್ಟಿಕೊಂಡು, ಪೊಲೀಸರಿಗೆ ಹೇಳುತ್ತೇನೆ ಎಂದು ಗಂಡಸಿಯ ದಾರಿ ಹಿಡಿದಳು. ನಾನು ಜೊತೆಗೆ ಹೋಗಬಹುದಿತ್ತು. ಬೇಲಿಯವರೆಗೆ ಹೋಗಿ ನಿಂತುಬಿಟ್ಟೆ.

ಮರುದಿನ ಬೆಳಿಗ್ಗೆ ಜಾತ್ರೆಯ ಗಾಡಿ ವಾಪಸು ಬಂತು. ಅಗೆದ ಮಣ್ಣಿನ ರಾಶಿ ನೋಡಿದ್ದೇ ನನ್ನ ಗಂಡ ನೊಗ ಹಿಡಿದುಕೊಂಡು ವಾಂತಿ ಮಾಡಿದರು. ಮಾವನವರು ಮೈದುನನ ಕಿವಿಯ ಮೇಲೆ ಹೊಡೆದು, ಗುಂಡಿ ಮುಚ್ಚಿಸಲು ಹೊರಟರು. ನಾನು ಗಂಡನನ್ನು ಕೊಟ್ಟಿಗೆಯೊಳಕ್ಕೆ ಕರೆದೊಯ್ದು, ಏನಾಯಿತು ಹೇಳಿ ಎಂದೆ.

ಅವರು ಹೇಳಿದರು. ಹೋರಿ ಸತ್ತ ದಿನ ತಂದೆ ದನಗಾಹಿಯನ್ನು ದನ ಕಟ್ಟುವ ಕಂಬಕ್ಕೆ ಬಿಗಿದರಂತೆ. ಹಗ್ಗದ ತುದಿ ಹಿಡಿಯಲು ಮಗನಿಗೆ ಹೇಳಿದರಂತೆ. ಮಗನಿಗೆ ಆಗ ಇಪ್ಪತ್ತು ವರ್ಷ. ಬಾರುಕೋಲಿನ ಹಿಡಿಯಿಂದ ಹೊಡೆದರಂತೆ. ಬೆನ್ನು, ಪಕ್ಕೆ, ಕಾಲು. ಅವನು ಮೊದಮೊದಲು ಬುದ್ಧಿ ಬಂತು ಒಡೆಯ ಎನ್ನುತ್ತಿದ್ದನಂತೆ, ಆಮೇಲೆ ನೀರು ಕೇಳಿದನಂತೆ, ಇಬ್ಬರೂ ಕೊಡಲಿಲ್ಲ. ತಲೆಗೆ ಬಿದ್ದ ಏಟಿನ ನಂತರ ಏನೂ ಕೇಳಲಿಲ್ಲ. ಹೋರಿಗೆಂದು ತೋಡಿಸಿದ್ದ ಗುಂಡಿ ಸಿದ್ಧವಿತ್ತು. ಕೆಳಗೆ ಅವನು, ಮೇಲೊಂದಿಷ್ಟು ಮಣ್ಣು, ಅದರ ಮೇಲೆ ಹೋರಿ. ಊರವರೆಲ್ಲ ಬಂದು ಹೋರಿಗೆ ಅರಿಶಿನ ಕುಂಕುಮ ಹಾಕಿ ಮಣ್ಣೆಳೆದರು. ಕೆಳಗೆ ಇನ್ನೊಬ್ಬನಿದ್ದಾನೆಂದು ಯಾರೂ ನೆನೆಸಲಿಲ್ಲ.

"ನಾನು ಹಗ್ಗ ಬಿಟ್ಟಿದ್ರೆ ಅವನು ಬದುಕ್ತಿದ್ದ," ಎಂದರು.

ನನಗೆ ಅವರನ್ನು ಮುಟ್ಟಲು ಆಗಲಿಲ್ಲ. ಎಂಟು ವರ್ಷ ಅವಳ ಕೈಯಲ್ಲೇ ಸಗಣಿ ಬಾಚಿಸಿದ್ದೀರಲ್ಲ ಎಂದೆ. ಪೊಲೀಸರು ಬಂದರೆ ಇದನ್ನೇ ಹೇಳಿ, ಇಲ್ಲದಿದ್ದರೆ ನಾನು ಹೇಳುತ್ತೇನೆ ಎಂದೆ. ಅಷ್ಟು ಧೈರ್ಯ ನನಗೆ ಎಲ್ಲಿಂದ ಬಂತೋ ತಿಳಿಯದು.

ಮಧ್ಯಾಹ್ನಕ್ಕೆ ಅರಸೀಕೆರೆಯಿಂದ ಸಬ್‌ಇನ್‌ಸ್ಪೆಕ್ಟರು ಇಬ್ಬರು ಪೇದೆಗಳೊಂದಿಗೆ ಬಂದರು. ಅವಳೂ ಹಿಂದೆ ಇದ್ದಳು. ಮಾವನವರು ಜಗಲಿಯಲ್ಲಿ ಕೂತು, ಯಾವನೋ ಭಿಕ್ಷುಕ ಸತ್ತಿದ್ದ, ಪುಣ್ಯಕ್ಕೆ ಹೂತಿದ್ದೆವು ಎಂದರು. ಪಂಚನಾಮೆ ಬರೆಯುವ ಪೇದೆ ಹಾಗೆಯೇ ಬರೆದುಕೊಳ್ಳತೊಡಗಿದ. ಆಗ ನನ್ನ ಗಂಡ ಅಂಗಳಕ್ಕೆ ಇಳಿದು, ಅಪ್ಪ ಹೇಳ್ತಿರೋದು ಸುಳ್ಳು ಎಂದರು.

ಮಾವನವರು ಎದ್ದದ್ದು ನನಗೆ ಕಾಣಲೇ ಇಲ್ಲ, ಬಾರುಕೋಲು ಬಿದ್ದ ಸದ್ದು ಕೇಳಿತು. ಮೊದಲ ಏಟಿಗೆ ಹೆಗಲ ಮೂಳೆ ಮುರಿಯಿತು. ಎರಡನೆಯದು ಕಿವಿಗೆ ಬಿತ್ತು. ನನ್ನ ಗಂಡ ಮೊಣಕಾಲೂರಿ ಬಿದ್ದರು, ಆದರೆ ಮಾತು ನಿಲ್ಲಿಸಲಿಲ್ಲ. ಬಾಯಲ್ಲಿ ರಕ್ತ ತುಂಬಿಕೊಂಡೇ ಕಂಬದ ವಿಷಯ, ಗುಂಡಿಯ ವಿಷಯ ಎಲ್ಲ ಹೇಳಿದರು. ಪೇದೆಗಳಿಬ್ಬರೂ ಸೇರಿ ಎಳೆದರೂ ಆ ಮುದುಕರ ಕೈಯಿಂದ ಕೋಲು ಬಿಡಿಸಲು ಹೆಣಗಬೇಕಾಯಿತು. ಕೊನೆಗೆ ಸಬ್‌ಇನ್‌ಸ್ಪೆಕ್ಟರು ಬೂಟುಗಾಲಿನಿಂದ ಮಣಿಕಟ್ಟು ತುಳಿದರು.

ಹಾಸನದ ಕೋರ್ಟಿನಲ್ಲಿ ನನ್ನ ಗಂಡ ಮಾಫಿ ಸಾಕ್ಷಿಯಾದರು, ನಿಜ ಹೇಳಿದ್ದಕ್ಕೆ ಅವರಿಗೆ ಶಿಕ್ಷೆಯಾಗಲಿಲ್ಲ. ಮಾವನವರಿಗೆ ಜೀವಾವಧಿಯಾಯಿತು. ತೀರ್ಪಿನ ದಿನ ಕೋರ್ಟಿನ ಮೆಟ್ಟಿಲ ಬಳಿ ನನ್ನ ಗಂಡ ದನಗಾಹಿಯ ಹೆಂಡತಿಗೆ ಕೈಮುಗಿದರು. ಅವಳು ನನ್ನನ್ನು ನೋಡಿ ಹೇಳಿದಳು.

"ನಿನ್ ಗಂಡ ಈಗ ಬಾಯಿ ಬಿಟ್ಟವ್ನೆ, ಒಳ್ಳೇದು ಕಣವ್ವ. ಆವತ್ತು ಕೂಗ್ಕೊಂಡಿದ್ರೆ ನಾನೇ ಓಡಿ ಬತ್ತಿದ್ದೆ. ನಮ್ ಗುಡ್ಲು ಅಲ್ಲೇ ಇತ್ತು."

ಅವಳ ಹಣೆಯಲ್ಲಿ ಆ ದಿನ ಕುಂಕುಮ ಇರಲಿಲ್ಲ. ಮೂಳೆಗಳನ್ನು ಪೊಲೀಸರಿಂದ ಪಡೆದು ಮಣ್ಣು ಮಾಡಿದ ಮೇಲೆ, ಅಣ್ಣನ ಜೊತೆ ಬಿಕ್ಕೋಡಿನ ಕಾಫಿ ತೋಟಕ್ಕೆ ಕೂಲಿಗೆ ಹೋದಳೆಂದು ಕೇಳಿದೆ.

ಅಪ್ಪನನ್ನು ಜೈಲಿಗೆ ಹಾಕಿಸಿದವನೆಂದು ಊರು ನಮ್ಮನ್ನು ಬಾವಿಗೂ ಸೇರಿಸಲಿಲ್ಲ. ಒಮ್ಮೆ ನನ್ನ ಮೇಲೆ ಕಲ್ಲೂ ಬಿತ್ತು. ಮೈದುನ ದನಗಳನ್ನೆಲ್ಲ ಮಾರಿದ. ನಾವು ಬೇಲೂರಿಗೆ ಬಂದು ನೆಲೆಸಿದೆವು, ನನ್ನ ಗಂಡ ಒಂದು ಮರದ ಡಿಪೋದಲ್ಲಿ ಕೆಲಸ ಹಿಡಿದರು. ಎಡಗಿವಿ ಕೇಳುತ್ತಿರಲಿಲ್ಲ. ಮಾವನವರು ಮೂರನೆಯ ವರ್ಷ ಜೈಲಿನಲ್ಲೇ ತೀರಿಕೊಂಡರು. ನನ್ನ ಗಂಡನೇ ಹೋಗಿ ಕರ್ಮ ಮುಗಿಸಿ ಬಂದರು.

ನಮ್ಮ ಮಗಳಿಗೆ ಹತ್ತು ವರ್ಷವಾದಾಗ ಶಾಲೆಯಲ್ಲಿ ಯಾರೋ ಅವಳ ಅಜ್ಜನ ವಿಷಯ ಎತ್ತಿ ಆಡಿದರು. ಅಳುತ್ತಾ ಬಂದ ಅವಳನ್ನು ನನ್ನ ಗಂಡ ಪಕ್ಕದಲ್ಲಿ ಕೂರಿಸಿಕೊಂಡು, ತಾವು ಮಾಡಿದ್ದನ್ನೂ ಬಿಡದೆ ಎಲ್ಲ ಹೇಳಿದರು. ಅವಳು ಕೇಳಿ ಮುಗಿಸಿ, ಆ ಅಜ್ಜಿ ಈಗ ಹೇಗಿದ್ದಾರೆ ಎಂದಳು. ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಮುಂದಿನ ಭಾನುವಾರ ನನ್ನ ಗಂಡ ಬಿಕ್ಕೋಡಿನ ಬಸ್ಸು ಹತ್ತಿದರು. ತೋಟದ ಕೂಲಿಯವರ ಲೈನು ಮನೆಗಳ ಮುಂದೆ ಬೆಳಗಿನಿಂದ ಸಂಜೆಯ ಬಸ್ಸಿನವರೆಗೆ ಕೂತಿದ್ದರಂತೆ. ದನಗಾಹಿಯ ಹೆಂಡತಿ ಹೊರಗೆ ಬರಲಿಲ್ಲ. ಒಂದು ಸಲ ಮಾತ್ರ ಪಕ್ಕದ ಮನೆಯ ಹೆಂಗಸಿನ ಕೈಲಿ ಒಂದು ಚೊಂಬು ನೀರು ಕೊಟ್ಟು ಕಳಿಸಿದಳಂತೆ.