ಸಕ್ಕರೆ ನೀರಿನ ಆವಿಯ ಲೆಕ್ಕ

ಭೋಪಾಲ್‌ನ ನಮ್ಮ ಎಂಟನೇ ಮಹಡಿಯ ಮನೆಗೆ ಎದುರುಮನೆಯ ಭಾಬಿ ಕುದಿಸುವ ಸಕ್ಕರೆ ಪಾಕದ ವಾಸನೆ ಬಂದಾಗಲೆಲ್ಲ ನನ್ನ ಕೈಯಲ್ಲಿದ್ದ ಕೆಲಸ ನಿಂತುಹೋಗುತ್ತದೆ. ಮೂಗಿನೊಳಗೆ ಅಂಟಿಕೊಳ್ಳುವ ಆ ಬಿಸಿ ಸಿಹಿ ನನ್ನನ್ನು ಎಳೆದುಕೊಂಡು ಹೋಗಿ ವಡೋದರಾದ ಕಾರ್ಖಾನೆ ಕಾಲೊನಿಯ ಎರಡು ಕೋಣೆಯ ಕ್ವಾರ್ಟರ್ಸಿನಲ್ಲಿ ನಿಲ್ಲಿಸುತ್ತದೆ. ಅಲ್ಲಿ ಅವ್ವ ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಎಣ್ಣೆಜಿಡ್ಡು ಹತ್ತಿದ ರಸಾಯನಶಾಸ್ತ್ರದ ಪುಸ್ತಕ ಹಿಡಿದು ಒಲೆಯ ಮುಂದೆ ನಿಂತಿರುತ್ತಿದ್ದಳು. ಆ ಕ್ವಾರ್ಟರ್ಸ್ ಕೆಡವಿ ಎಷ್ಟೋ ವರ್ಷವಾಯಿತು. ಅವ್ವನೂ ಈಗಿಲ್ಲ.

ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತಿದ್ದಾಗಲೇ ಅವಳ ಮದುವೆಯಾಗಿತ್ತು. ಒಂದೇ ಒಂದು ಪೇಪರ್ ಉಳಿದುಹೋಗಿತ್ತು, ಕೆಮಿಸ್ಟ್ರಿಯದು. ನನಗೆ ಒಂಬತ್ತು ವರ್ಷವಿದ್ದಾಗ, ಹಳೆಯ ಸಿಲಬಸ್ಸಿನವರಿಗೆ ಇದೇ ಕೊನೆಯ ಅವಕಾಶ ಎಂದು ಕಾಲೇಜಿನಿಂದ ಕಾಗದ ಬಂತು. ಈ ಸಲ ಬಿಟ್ಟರೆ ಡಿಗ್ರಿಯ ಆಸೆ ಬಿಟ್ಟಂತೆಯೇ. ಅವ್ವ ಪಟ್ಟು ಹಿಡಿದು ಕೂತಳು. ಎಲ್ಲ ಬಂತು, ಒಂದು ಲೆಕ್ಕ ಮಾತ್ರ ಅವಳನ್ನು ಗೋಳುಹೊಯ್ದುಕೊಂಡಿತು. ಮುಚ್ಚಿದ ಪಾತ್ರೆಯಲ್ಲಿ ನೀರಿನ ಮೇಲೆ ಆವಿ ತುಂಬಿ, ಇನ್ನು ಹಿಡಿಸದು ಎನ್ನುವ ಹೊತ್ತಿಗೆ ಅದರ ಒತ್ತಡ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಆ ನೀರಿಗೆ ಸಕ್ಕರೆ ಕರಗಿಸಿದರೆ ಒತ್ತಡ ತುಸು ಇಳಿಯುತ್ತದೆ. ಎಷ್ಟಕ್ಕೆ ಇಳಿಯುತ್ತದೆ ಎಂಬುದೇ ಲೆಕ್ಕ. ಉತ್ತರ ಇಪ್ಪತ್ಮೂರೂವರೆ ಮಿಲಿಮೀಟರ್ ಪಾದರಸ ಬರಬೇಕು. ಅವ್ವನದು ಪ್ರತಿ ಸಲವೂ ಇಪ್ಪತ್ತಕ್ಕೆ ಬಂದು ಕೂರುತ್ತಿತ್ತು. ಉಂಡೆಯ ಪಾಕ ಹಿಡಿದು ಹಿಡಿದು ಪಳಗಿದ ಕೈ. ಸಕ್ಕರೆ ಇಷ್ಟು ತೂಕ, ನೀರು ಇಷ್ಟು ತೂಕ ಎಂದು ತೂಗಿಯೇ ಭಾಗಿಸುತ್ತಿದ್ದಳು.

ಅಪ್ಪ ಕಾರ್ಖಾನೆಯ ಲ್ಯಾಬಿನಲ್ಲಿದ್ದ. ಮೊದಮೊದಲು ನಕ್ಕು ಚೇಷ್ಟೆ ಮಾಡಿದವನು, ಒಂದು ಸಂಜೆ ಅವಳ ಕಣ್ಣು ತುಂಬಿದ್ದು ಕಂಡು ಮೆತ್ತಗಾದ. ನಾನು ತಿನ್ನುತ್ತಿದ್ದ ಚುರಮುರಿಯ ತಾಟನ್ನೇ ಎಳೆದುಕೊಂಡು, ಅದಕ್ಕೆ ನಾಲ್ಕು ಶೇಂಗಾ ಹಾಕಿದ.

"ತೂಗಬ್ಯಾಡ, ಎಣಿಸು. ಶೇಂಗಾ ಅಂದ್ರ ಸಕ್ಕರಿ ಕಣ, ಚುರಮುರಿ ಅಂದ್ರ ನೀರಿನ ಕಣ. ಶೇಂಗಾ ಭಾರ ಖರೆ, ಆದ್ರ ಎಣಿಸಿದ್ರ ಬರೇ ನಾಕು."

ಅವ್ವ ತಾಟನ್ನೇ ನೋಡುತ್ತ ಕೂತಳು. ಆಮೇಲೆ ಪೆನ್ಸಿಲ್ ತೆಗೆದುಕೊಂಡು ಸರಸರ ಬರೆದಳು. ಇಪ್ಪತ್ಮೂರೂವರೆ! ಅವಳು ಹಾಗೆ ಬಾಯ್ತುಂಬ ನಕ್ಕದ್ದನ್ನು ನಾನು ಅದಕ್ಕೂ ಮೊದಲು ನೋಡಿರಲಿಲ್ಲ. ನನಗೆ ಮಾತ್ರ ಚುರಮುರಿ ಬೇಡವಾಯಿತು. ಲೆಕ್ಕ ಬಂತೆಂದರೆ ಅವಳು ಪರೀಕ್ಷೆಗೆ ಧಾರವಾಡಕ್ಕೆ ಹೊರಟಳೆಂದೇ ಅರ್ಥ. ಅವಳಿಲ್ಲದೆ ಹತ್ತು ದಿನ ನಾನು ಹೇಗಿರಲಿ?

ಹುಬ್ಬಳ್ಳಿಯ ರೈಲು ಹತ್ತಬೇಕಾದ ದಿನ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಹೊರಳಾಡಿದೆ. ನನಗೇನೂ ಆಗಿರಲಿಲ್ಲ. ಡಾಕ್ಟರರು ಬಂದು ನೋಡಿ, ಗಾಬರಿಪಡುವಂಥದ್ದಲ್ಲ ಎಂದು ಹೋದರು. "ನೀ ಹೋಗು, ನಾ ನೋಡ್ಕೋತೀನಿ," ಎಂದು ಅಪ್ಪ ಎಷ್ಟೋ ಹೇಳಿದ. ಅವ್ವ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು. ಆಮೇಲೆ ಎದ್ದು ಬ್ಯಾಗಿನಿಂದ ಸೀರೆಗಳನ್ನು ತೆಗೆದು ಕಪಾಟಿನಲ್ಲಿಟ್ಟಳು. ಆ ಪೇಪರ್ ಹಾಗೆಯೇ ಉಳಿಯಿತು.

ಈಗ ನಾನೇ ಕೆಮಿಸ್ಟ್ರಿ ಕಲಿಸುತ್ತೇನೆ. ವರ್ಷವರ್ಷವೂ ಆ ಲೆಕ್ಕವನ್ನು ಬೋರ್ಡಿನ ಮೇಲೆ ಬಿಡಿಸುವಾಗ ಆ ಚುರಮುರಿಯ ತಾಟು ಕಣ್ಣ ಮುಂದೆ ಬರುತ್ತದೆ. ನನಗೆ ಡಿಗ್ರಿ ಬಂದ ದಿನ ತಡೆಯಲಾರದೆ ಅವ್ವನ ಮುಂದೆ ಎಲ್ಲ ಹೇಳಿ ಅತ್ತುಬಿಟ್ಟಿದ್ದೆ. ಅವಳು ಸೆರಗಿನಿಂದ ನನ್ನ ಮುಖ ಒರೆಸಿದಳು.

"ಅವತ್ತೇ ಗೊತ್ತಿತ್ತವಾ ನನಗ. ಹುಸಿ ಹೊಟ್ಟಿನೋವು ತಾಯಿಗೆ ತಿಳಿಯೂದಿಲ್ಲೇನು? ನನಗೂ ಪರೀಕ್ಷಾ ಅಂದ್ರ ಹೆದರಿಕಿ ಆಗಿತ್ತು. ನೀ ಅವತ್ತ ಹೊರಳಾಡಿದ್ದು ಚಲೋನ ಆತು."

ಅವಳಿಗೆ ನಿಜಕ್ಕೂ ಹೆದರಿಕೆ ಇತ್ತೇ? ಲೆಕ್ಕ ಬಂದ ಸಂಜೆ ಅವಳು ನಕ್ಕ ನಗು ನೆನಪಾದರೆ ಆ ಮಾತು ನಂಬಲಾಗುವುದಿಲ್ಲ. ಇನ್ನೊಮ್ಮೆ ಕೇಳಬೇಕಿತ್ತು. ಇರಲಿಲ್ಲ ಎಂದುಬಿಟ್ಟಾಳೆಂದು ಹೆದರಿ ನಾನೇ ಕೇಳಲಿಲ್ಲ.