ಹೈಬೊ ಹೆಕ್ಕುವ ಹೇರ್‌ಪಿನ್ನುಗಳು

ಬೆಳಿಗ್ಗೆ ಮಕ್ಕಳು ಬರುವ ಮೊದಲು ಹೈಬೊ ಐಸ್ ಮೇಲೆ ಇಳಿಯುತ್ತಾನೆ. ಆಗ ಅವನ ಕಾಲಲ್ಲಿ ಸ್ಕೇಟ್ ಇರುವುದಿಲ್ಲ, ರಬ್ಬರ್ ಅಟ್ಟೆಯ ಹಳೆಯ ಶೂ ಇರುತ್ತದೆ. ಟಾರ್ಚಿನ ಬೆಳಕನ್ನು ನೆಲಕ್ಕೆ ಓರೆಯಾಗಿ ಹಿಡಿದು ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ ನಡೆಯುತ್ತಾನೆ. ಹುಡುಗಿಯರ ತಲೆಯಿಂದ ಜಾರಿದ ಹೇರ್‌ಪಿನ್ನು, ಉಡುಪಿನಿಂದ ಉದುರಿದ ಮಣಿ, ಹೀಗೆ ಕಂಡದ್ದನ್ನೆಲ್ಲ ಬಗ್ಗಿ ಹೆಕ್ಕಿ ಸ್ಟೀಲ್ ಡಬ್ಬಿಗೆ ಹಾಕುತ್ತಾನೆ. ಕೆಲವು ಪಿನ್ನುಗಳು ಮಂಜಿನೊಳಗೇ ಹೂತುಹೋಗಿರುತ್ತವೆ. ಅವನ್ನು ಸ್ಕ್ರೂಡ್ರೈವರಿನಿಂದ ಕೆದಕಿ ತೆಗೆದು, ಆದ ಗುಳಿಗೆ ಮಂಜಿನ ಪುಡಿ ಮತ್ತು ನೀರು ತುಂಬಿ ಅಂಗೈಯಿಂದ ಒತ್ತುತ್ತಾನೆ. ಜ್ವರ ಬಂದ ದಿನವೂ ಅವನು ಇದನ್ನು ತಪ್ಪಿಸಿದ್ದನ್ನು ನಾವು ಯಾರೂ ಕಂಡಿಲ್ಲ.

ನಾವು ಎಂದರೆ ಅಮೆರಿಕದ ಸ್ಯಾನ್ ಡಿಯೇಗೊದಲ್ಲಿ, ಪೊವೇ ಕಡೆಯ ಆ ಐಸ್ ಸ್ಕೇಟಿಂಗ್ ರಿಂಕ್‌ನಲ್ಲಿ ಶಾಲು ಹೊದ್ದು ಬೆಂಚಿನ ಮೇಲೆ ಕೂರುವವರು. ಆ ಬೆಂಚಿನ ಹಿರಿಯರು ಉಡುಪಿಯ ರತ್ನಾವತಿಯಮ್ಮ. ಸೊರೆಂಟೊ ವ್ಯಾಲಿಯ ಆಫೀಸಿಗೆ ಹೋಗುವ ಮಗ ಯೋಗೀಶ ಅವರನ್ನೂ ಮೊಮ್ಮಗಳು ಪ್ರಣತಿಯನ್ನೂ ಬೆಳಿಗ್ಗೆಯೇ ಅಲ್ಲಿ ಇಳಿಸುತ್ತಾನೆ. ಪ್ರಣತಿಗೆ ಹದಿನೈದು ವರ್ಷ. ರಜತ್ ಎಂಬ ಹುಡುಗನ ಜೊತೆ ಜೋಡಿ ಸ್ಕೇಟಿಂಗ್ ಕಲಿಯುತ್ತಾಳೆ. ಕಲಿಸುವವನು ಹೈಬೊ. ಪಿನ್ನು ಹಾಕುವ ಡಬ್ಬಿ ರತ್ನಾವತಿಯಮ್ಮ ಕೊಟ್ಟದ್ದು. ಮೊದಲು ಅವರ ದೇವರ ಮುಂದೆ ಕುಂಕುಮ ತುಂಬಿಕೊಂಡು ಇದ್ದದ್ದು.

"ಏ ಹೈಬೊ, ಇವತ್ತು ಎಂತ ಸಿಕ್ಕಿತು ಮಾರಾಯ?"

ಅವನು ಡಬ್ಬಿ ಅಲ್ಲಾಡಿಸಿ ತೋರಿಸುತ್ತಿದ್ದ. "ಟೂ, ಅಜ್ಜಿ."

"ಟೂ ಅಲ್ಲ. ಎರಡು ಹೇಳು."

"ಎರಡು."

"ನೋಡಿ, ದೇವರ ಕೋಣೆ ಗುಡಿಸಿದ ಹಾಗೆ ಗುಡಿಸ್ತಾನೆ," ಎಂದು ಅವರು ನಮ್ಮ ಕಡೆ ತಿರುಗುತ್ತಿದ್ದರು. "ಇವನ ಜೋಡಿಯಾಗಿ ಆಡ್ತಿದ್ದ ಹುಡುಗಿ ಬಿದ್ದದ್ದು ಇವನ ಸ್ಕೇಟಿಗೆ ಸಿಕ್ಕಿದ ಒಂದು ಪಿನ್ನಿಂದ ಅಂತೆ. ಆ ಸಂಕಟ ಇವನಿಗೆ ಇನ್ನೂ ಹೋಗ್ಲಿಲ್ಲ, ಪಾಪ."

ಆ ಮಾತು ಬಂದಾಗಲೆಲ್ಲ ಹೈಬೊನ ಕಿವಿ ಕೆಂಪಾಗುತ್ತಿತ್ತು. ಹೊಗಳಿದರೆ ನಾಚುವ ಹುಡುಗ ಎಂದುಕೊಂಡಿದ್ದೆವು. ಅದು ನಾಚಿಕೆಯೇ ಹೌದು, ಆದರೆ ನಾವು ತಿಳಿದ ನಾಚಿಕೆ ಅಲ್ಲ. ಅವನು ಅದನ್ನೆಲ್ಲ ಬಾಯಿಬಿಟ್ಟು ಹೇಳಿದ್ದು ಬಹಳ ತಡವಾಗಿ, ತುಂಡು ತುಂಡಾಗಿ. ನಾನು ಕೇಳಿಸಿಕೊಂಡಷ್ಟನ್ನು ಇಲ್ಲಿ ಜೋಡಿಸಿದ್ದೇನೆ.

ಹೈಬೊ ಚೀನಾದ ಹಾರ್ಬಿನ್ ಊರಿನವನು. ಅಪ್ಪ ಬಸ್ಸುಗಳ ಮೆಕ್ಯಾನಿಕ್. ಚಿಕ್ಕಂದಿನಲ್ಲೇ ಸ್ಕೇಟಿಂಗ್ ಶಾಲೆಗೆ ಸೇರಿದ. ಅಲ್ಲಿನ ಗುರುಗಳು ಲಾನ್ ಎಂಬ ಹುಡುಗಿಯನ್ನು ಅವನ ಎದುರು ನಿಲ್ಲಿಸಿ, ಇನ್ನು ಮೇಲೆ ಇವಳು ನಿನ್ನ ಜೊತೆ ಎಂದರು. ಅವಳಿಗೆ ಅವನಿಗಿಂತ ಧೈರ್ಯ ಹೆಚ್ಚು, ಬಾಯಿಯೂ ಹೆಚ್ಚು. ಆದರೂ ಮೊದಲ ವರ್ಷ ಗುರುಗಳು ಅವಳನ್ನು ಎತ್ತಲು ಅವನಿಗೆ ಬಿಡಲಿಲ್ಲ. ಹುಡುಗರಿಗೆ ಮೊದಲು ಕೊಡುತ್ತಿದ್ದದ್ದು ಮರಳಿನ ಚೀಲ. ಅದನ್ನು ತಲೆಯ ಮೇಲೆತ್ತಿ ಚಾಪೆಯ ಮೇಲೆ ಓಡಬೇಕು. ಗುರುಗಳು ಹಿಂದಿನಿಂದ ಬಂದು ಕಾಲಿಗೆ ಕೋಲು ಕೊಟ್ಟು ಬೀಳಿಸುತ್ತಿದ್ದರು. ಬೀಳುವುದು ತಪ್ಪಲ್ಲ. ಚೀಲ ನೆಲಕ್ಕೆ ತಾಗುವ ಮೊದಲು ಹುಡುಗನ ಮೈ ತಾಗಬೇಕು, ಚೀಲ ಅವನ ಎದೆಯ ಮೇಲೆ ಬೀಳಬೇಕು. ಮೊದಲು ಚೀಲ ತಾಗಿದರೆ ಅವತ್ತು ಎಲ್ಲರ ಎದುರು ಅದನ್ನು ಹೊತ್ತುಕೊಂಡೇ ಊಟಕ್ಕೆ ಹೋಗಬೇಕು. ಕೈ ಬಿಡಬಾರದು ಎಂಬುದೊಂದೇ ಅಲ್ಲಿನ ಪಾಠ. ಉಳಿದದ್ದೆಲ್ಲ ಆಮೇಲೆ.

ಲಾನ್ ಮತ್ತು ಹೈಬೊ ಒಳ್ಳೆಯ ಜೋಡಿ ಎನಿಸಿಕೊಂಡರು. ದೊಡ್ಡ ಪದಕಗಳು ಬರಲಿಲ್ಲ, ಆದರೆ ಬರಬಹುದು ಎಂದು ಎಲ್ಲರೂ ಹೇಳುತ್ತಿದ್ದರು. ೨೦೨೦ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಒಂದು ಸ್ಪರ್ಧೆಗೆ ಅವರನ್ನು ಕಳಿಸಿದರು.

ಅಲ್ಲಿ ಅವಳನ್ನು ತಲೆಯ ಮೇಲೆ ಎತ್ತಿಕೊಂಡು ತಿರುಗುತ್ತಿದ್ದಾಗ ಅವನ ಸ್ಕೇಟಿನ ಅಂಚು ಐಸ್‌ಗೆ ಕಚ್ಚಿತು. ಮುಂದಕ್ಕೆ ಮುಗ್ಗರಿಸಿದ. ಕಚ್ಚುವುದು ಯಾರಿಗೂ ಆಗಬಹುದು. ಆದರೆ ನೆಲ ಮುಖದ ಹತ್ತಿರ ಬಂದಾಗ ಅವನು ಕೈ ತೆರೆದ. ತನ್ನ ಮುಖ ಉಳಿಸಿಕೊಳ್ಳಲು ಎರಡೂ ಅಂಗೈ ಮುಂದೆ ಚಾಚಿದ. ಲಾನ್ ಅಷ್ಟು ಎತ್ತರದಿಂದ ಭುಜದ ಮೇಲೆ ಬಿದ್ದಳು. ಅವನಿಗೆ ಮೊಣಕಾಲು ತರಚಿತು, ಅಷ್ಟೆ.

ಸಂಗೀತ ನಿಂತಿತು. ತೀರ್ಪುಗಾರರು ಓಡಿಬಂದರು, ತಂಡದ ಮುಖ್ಯಸ್ಥರೂ ಬಂದರು. ಲಾನ್‌ಳ ಗಲ್ಲ ಒಡೆದು ರಕ್ತ ಸುರಿಯುತ್ತಿತ್ತು, ಬಲಗೈ ಆಡುತ್ತಿರಲಿಲ್ಲ. ಅವಳು ಎಡಗೈಯನ್ನು ತಲೆಗೆ ತಂದು, ಜುಟ್ಟಿನಿಂದ ಒಂದು ಪಿನ್ನು ಎಳೆದು, ಮುಚ್ಚಿದ ಮುಷ್ಟಿಯನ್ನು ಅವರ ಮುಂದೆ ಬಿಡಿಸಿದಳು. "ಐಸ್ ಮೇಲೆ ಇದು ಇತ್ತು," ಅಂದಳು. ಅದು ಅವಳ ತಲೆಯಿಂದ ಬಂದದ್ದನ್ನು ಕಂಡವನು ಹೈಬೊ ಒಬ್ಬನೇ.

ಮುಖ್ಯಸ್ಥರು ಅವನನ್ನು ನೋಡಿ ಕೇಳಿದರು: "ಪಿನ್ನಾ?"

ಅವನು ಹೌದೆಂದು ತಲೆಯಾಡಿಸಿದ.

ಕೈ ಬಿಟ್ಟದ್ದಕ್ಕಿಂತ ಹೀಗೆ ತಲೆಯಾಡಿಸಿದ್ದೇ ಅವನನ್ನು ಹೆಚ್ಚು ಸುಟ್ಟಿತು. ಕೈ ತಾನಾಗಿ ತೆರೆದುಕೊಂಡಿತು ಎನ್ನಬಹುದು. ತಲೆ ತಾನಾಗಿ ಆಡಲಿಲ್ಲ.

ಕೈ ಬಿಡುವ ಹುಡುಗನಿಗೆ ಯಾರೂ ಜೋಡಿಯಾಗಿ ಆಡಲು ಹುಡುಗಿಯನ್ನು ಕೊಡುವುದಿಲ್ಲ, ಅಲ್ಲಿಗೆ ಅವನ ಆಟ ಮುಗಿಯುತ್ತದೆ. ಪಿನ್ನು ಅಂದರೆ ಅದು ಅಪಘಾತ. ಲಾನ್ ಲಾಸ್ ಏಂಜಲೀಸ್‌ನ ಆಸ್ಪತ್ರೆಯಲ್ಲೇ ಉಳಿದಳು, ತಂಡ ಹಿಂದಿರುಗಿತು, ಹೈಬೊ ತಂಡದ ಜೊತೆ ಹೋದ. ಆಮೇಲೆ ಕೋವಿಡ್ ಬಂದು ವಿಮಾನಗಳು ನಿಂತವು. ಅವಳು ಅಲ್ಲಿನ ಚಿಕ್ಕಮ್ಮನ ಮನೆ ಸೇರಿದಳು. ಭುಜ ಕೂಡಿಕೊಂಡಿತಾದರೂ ಕೈ ಮೇಲಕ್ಕೆ ಏಳಲಿಲ್ಲ. ಅವಳು ಫೋನ್ ಮಾಡಿದಾಗ ಅವನು ಎತ್ತಲಿಲ್ಲ. ಕೆಲವು ತಿಂಗಳಾದ ಮೇಲೆ ಅವಳು ಮಾಡುವುದನ್ನು ಬಿಟ್ಟಳು.

ಹಾರ್ಬಿನ್‌ನಲ್ಲಿ ಅಭ್ಯಾಸ ಮತ್ತೆ ಶುರುವಾದ ದಿನ ಎಲ್ಲರ ಕಣ್ಣೂ ಅವನ ಮೇಲಿತ್ತು. ಅವನು ಟಾರ್ಚು ಹಿಡಿದು ಐಸ್ ಮೇಲೆಲ್ಲ ಪಿನ್ನು ಹುಡುಕಿದ. ಪಿನ್ನಿನಿಂದ ನೊಂದವನು ಹಾಗೆ ಮಾಡಬೇಕಲ್ಲವೇ? ಮರುದಿನವೂ ಮಾಡಿದ. ಗುರುಗಳು ಬೆನ್ನು ತಟ್ಟಿ, ಉಳಿದ ಹುಡುಗರಿಗೆ ಇವನನ್ನು ನೋಡಿ ಕಲಿಯಿರಿ ಎಂದರು. ಅಂದಿನಿಂದ ನಿಲ್ಲಿಸುವ ದಾರಿ ಅವನಿಗೆ ಕಾಣಲಿಲ್ಲ.

ಅವನಿಗೆ ಹೊಸ ಜೊತೆಗಾತಿಯನ್ನು ಕೊಟ್ಟರು. ಕೋವಿಡ್ ಕಾಲದ ಖಾಲಿ ಕುರ್ಚಿಗಳ ಮುಂದೆ ಎರಡು ವರ್ಷ ಸ್ಪರ್ಧಿಸಿದ. ಬಿಟ್ಟೇನು ಎಂಬ ಹೆದರಿಕೆಗೆ ಅವಳ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಿದ್ದನೆಂದರೆ ಅಲ್ಲಿ ಕಪ್ಪು ಕಲೆಗಳು ಮಾಯುತ್ತಲೇ ಇರಲಿಲ್ಲ. ಆ ಹುಡುಗಿ ಒಂದು ದಿನ ಗುರುಗಳ ಹತ್ತಿರ, ಇವರ ಕೈಯಲ್ಲಿ ನನಗೆ ಉಸಿರು ಕಟ್ಟುತ್ತದೆ ಎಂದಳು. ೨೦೨೨ಕ್ಕೆ ಅವನ ಸ್ಪರ್ಧೆಯ ಬದುಕು ಮುಗಿಯಿತು.

ಮರುವರ್ಷ ಸ್ಯಾನ್ ಡಿಯೇಗೊದಲ್ಲಿ ಕೆಲಸ ಸಿಕ್ಕಿತು. ಬೇರೆ ಊರುಗಳಲ್ಲೂ ಸಿಗುತ್ತಿತ್ತು. ಇದನ್ನೇ ಆರಿಸಿದ್ದು ಲಾನ್ ಇರುವಲ್ಲಿಗೆ ಇಲ್ಲಿಂದ ಎರಡು ಗಂಟೆಯ ದಾರಿ ಎಂದು. ಅವಳೂ ಲಾಸ್ ಏಂಜಲೀಸ್‌ನಲ್ಲಿ ಮಕ್ಕಳಿಗೆ ಸ್ಕೇಟಿಂಗ್ ಕಲಿಸುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಹೋಗಿ ಕಾಲು ಹಿಡಿಯಬೇಕೆಂದು ಕಾರು ಹತ್ತುತ್ತಿದ್ದ. ಊರಂಚಿನ ಡೆಲ್ ಮಾರ್ ಬರುವಷ್ಟರಲ್ಲೇ ಹೆದ್ದಾರಿ ಬಿಟ್ಟು, ಸಮುದ್ರದ ಎದುರು ಕಾರು ನಿಲ್ಲಿಸಿ, ಸ್ವಲ್ಪ ಹೊತ್ತು ಕೂತು ವಾಪಸು ಬರುತ್ತಿದ್ದ.

ನವರಾತ್ರಿಯಲ್ಲಿ ರತ್ನಾವತಿಯಮ್ಮ ಅವನನ್ನು ಊಟಕ್ಕೆ ಕರೆದರು. ದೇವರ ಮುಂದೆ ಕೂರಿಸಿ ಬಂದವರಿಗೆಲ್ಲ ಪಿನ್ನಿನ ಕತೆ ಹೇಳಿದರು. "ಆ ಹುಡುಗಿ ಬಿದ್ದದ್ದು ಇವನ ತಪ್ಪಿಂದ ಅಲ್ಲ, ಆದರೂ ದಿನಾ ಪ್ರಾಯಶ್ಚಿತ್ತ ಮಾಡ್ತಾನೆ. ನಮ್ಮಲ್ಲಿ ತಪ್ಪು ಮಾಡಿದವ್ರೇ ಮಾಡುದಿಲ್ಲ!" ಎಂದು ಮೊದಲ ಪ್ರಸಾದ ಅವನ ಕೈಗೇ ಹಾಕಿದರು. ಪ್ರಣತಿ ಅದನ್ನು ಪಿಸುಮಾತಿನಲ್ಲಿ ಇಂಗ್ಲಿಷ್ ಮಾಡಿದಳು. ಅವನು ಪ್ರಸಾದವನ್ನು ತಿನ್ನದೆ ಅಂಗೈಯಲ್ಲೇ ಮುಚ್ಚಿಟ್ಟುಕೊಂಡು ಕೂತಿದ್ದನ್ನು ನಾನು ಕಂಡೆ. ಭಕ್ತಿ ಎಂದುಕೊಂಡೆ.

ಈ ವರ್ಷದ ಆರಂಭದಲ್ಲಿ ಪ್ರಣತಿ, ಹುಡುಗಿಯನ್ನು ತಲೆಯ ಮೇಲಕ್ಕೆ ಎತ್ತುವ ಲಿಫ್ಟ್ ಕಲಿಯುವ ಹಂತಕ್ಕೆ ಬಂದಳು. ಜೋಡಿಯ ಹುಡುಗ ಎತ್ತುವ ಮೊದಲು ಕಲಿಸುವವನೇ ಎತ್ತಿ ತೋರಿಸಬೇಕು, ಅನುಭವದ ಕೈಯಲ್ಲಿ ಹುಡುಗಿಯ ಭಯ ಹೋಗಲಿ ಎಂದು. ಅದಕ್ಕೆ ಯೋಗೀಶ ಒಪ್ಪಬೇಕಿತ್ತು. ಕಂಪ್ಯೂಟರ್ ಚಿಪ್‌ಗಳಲ್ಲಿ ತಪ್ಪು ಹುಡುಕುವುದೇ ಅವನ ಕೆಲಸ. ಲಾಸ್ ಏಂಜಲೀಸ್‌ನ ಆ ಹಳೆಯ ವಿಡಿಯೊ ಹುಡುಕಿ, ನಿಲ್ಲಿಸಿ ನಿಲ್ಲಿಸಿ ನೋಡಿದ.

"ಅಮ್ಮ, ಇದರಲ್ಲಿ ಪಿನ್ನು ಎಲ್ಲೂ ಕಾಣಿಸ್ತಿಲ್ಲ."

"ಮೂಗಿನ ಮೇಲಿರುವ ಕನ್ನಡಕವನ್ನೇ ಮನೆಯಿಡೀ ಹುಡುಕುವವ ನೀನು. ನಿನಗೆ ಪಿನ್ನು ಕಾಣ್ತದಾ?"

"ತಮಾಷೆ ಅಲ್ಲಮ್ಮ. ಮಗಳನ್ನ ಅವನ ಕೈಗೆ ಕೊಡ್ತಿರೋದು ನಾನು."

ಮುಂದಿನ ವಾರ ಲಾಸ್ ಏಂಜಲೀಸ್‌ನಲ್ಲಿ ಮಕ್ಕಳ ಸ್ಪರ್ಧೆ ಇತ್ತು. ಸಣ್ಣ ಲಿಫ್ಟ್‌ಗಳಲ್ಲೇ ಪ್ರಣತಿ ಮತ್ತು ರಜತ್ ಚೆನ್ನಾಗಿ ಆಡಿದರು. ಅಲ್ಲಿಂದ ಹೊರಬರುವ ಓಣಿಯಲ್ಲಿ, ಶಿಷ್ಯರ ಕೋಟುಗಳನ್ನು ಎಡತೋಳಿನ ಮೇಲೆ ಹೇರಿಕೊಂಡು ಲಾನ್ ಎದುರಾದಳು. ಕೂದಲನ್ನು ಹುಡುಗರ ಹಾಗೆ ಕತ್ತರಿಸಿದ್ದಳು, ಅದರಲ್ಲಿ ಪಿನ್ನು ಸಿಕ್ಕಿಸಲು ಜಾಗವೇ ಇರಲಿಲ್ಲ. ಐದು ವರ್ಷಗಳ ನಂತರ ಹೈಬೊನ ಮುಖಕ್ಕೆ ಅವಳಿಂದ ಮೊದಲು ಬಂದು ಬಿದ್ದ ಮಾತು, "ದಪ್ಪಗಾಗಿದ್ದೀಯ" ಎಂದು.

ಅವಳು ಯಾರೆಂದು ತಿಳಿದು ರತ್ನಾವತಿಯಮ್ಮ ಅವಳ ಎಡಗೈ ಹಿಡಿದುಕೊಂಡರು. "ನೀನೇನಾ ಅವಳು! ಕೈ ಹೇಗುಂಟು ಮಗಾ? ಇವ ನಿನ್ನ ಪಿನ್ನಿನ ನೆನಪಲ್ಲಿ ದಿನಾ ಐಸ್ ಗುಡಿಸ್ತಾನೆ, ಗೊತ್ತುಂಟಾ?" ಪ್ರಣತಿ ಇಂಗ್ಲಿಷಿಗೆ ತಿರುಗಿಸಿದಳು. ಲಾನ್ ಹೈಬೊನನ್ನು ಒಮ್ಮೆ ನೋಡಿದಳು, ಅವನು ನೆಲ ನೋಡಿದ.

ಯೋಗೀಶ ಮುಂದೆ ಬಂದ. "ಕ್ಷಮಿಸಿ, ನಿಮ್ಮನ್ನೇ ಕೇಳಿದರೆ ಒಳ್ಳೇದು ಅನ್ನಿಸ್ತು. ನನ್ನ ಮಗಳನ್ನ ಇವರು ಎತ್ತಬೇಕು. ಅವತ್ತು ನಿಜವಾಗಿ ಪಿನ್ನಿನಿಂದಲೇ ಆಗಿದ್ದಾ?"

ಲಾನ್ ಉತ್ತರಿಸುವ ಮೊದಲು ಚೀನೀ ಮಾತಿನಲ್ಲಿ ಹೈಬೊಗೆ ಹೇಳಿದಳು: "ನಾನು ಹೇಳ್ತೀನಿ ಬಿಡು. ನನಗೇನೂ ಭಾರ ಅಲ್ಲ. ಇಬ್ಬರ ಆಟವೂ ಯಾಕೆ ಮುಗೀಬೇಕು ಅಂತ ಅವತ್ತು ಹೇಳಿದ್ದು. ಇವತ್ತೂ ಅದೇ." ಆಮೇಲೆ ಯೋಗೀಶನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಹೌದು ಸರ್, ಪಿನ್ನು—" ಎಂದು ಶುರುಮಾಡಿದಳು.

"ಪಿನ್ನು ಇರಲಿಲ್ಲ," ಅಂದ ಹೈಬೊ. "ನಾನು ಕೈ ಬಿಟ್ಟೆ."

ಸುತ್ತ ಮಕ್ಕಳು ಚೀಲ ಎಳೆದುಕೊಂಡು ಹೋಗುತ್ತಿದ್ದರು. ರತ್ನಾವತಿಯಮ್ಮ ಮೊಮ್ಮಗಳ ತೋಳು ಜಗ್ಗಿದರು. "ಎಂತ ಹೇಳ್ತಾನೆ?"

"ನೋ ಪಿನ್, ಅಜ್ಜಿ," ಅಂದಳು ಪ್ರಣತಿ, ಬಹಳ ಮೆಲ್ಲಗೆ. "ಹಿ ಲೆಟ್ ಗೋ. ಅವರೇ ಕೈ ಬಿಟ್ರಂತೆ."

ರತ್ನಾವತಿಯಮ್ಮನ ಕೈ ಲಾನ್‌ಳ ಕೈಯನ್ನು ಬಿಟ್ಟು ತಮ್ಮ ಶಾಲಿನ ತುದಿ ಹಿಡಿಯಿತು. ಅವನು ಡಬ್ಬಿ ಅಲ್ಲಾಡಿಸಿ ತೋರಿಸಿದ ಬೆಳಗುಗಳೆಲ್ಲ ಅವರ ಕಣ್ಣಿಗೆ ಬಂದಿರಬೇಕು. ಹೈಬೊ ಅದನ್ನು ನೋಡಿದ. ನೋಡಲಾರದೆ ಮುಖ ತಿರುಗಿಸಿದ.

ಆದರೆ ಲಾನ್ ಸುಮ್ಮನಾಗುವವಳಲ್ಲ. ನಕ್ಕು ಯೋಗೀಶನಿಗೆ, "ಇವನ ಮಾತು ನಂಬಬೇಡಿ ಸರ್. ಬಿದ್ದಾಗ ಇವನ ತಲೆಗೂ ಪೆಟ್ಟಾಗಿತ್ತು, ಏನೂ ನೆನಪಿಲ್ಲ. ತಪ್ಪೆಲ್ಲ ತನ್ನದೇ ಅಂದುಕೊಳ್ಳೋದು ಇವನ ಚಾಳಿ. ಪಿನ್ನು ತೆಗೆದು ಕೊಟ್ಟವಳು ನಾನೇ," ಅಂದಳು.

ಯೋಗೀಶನ ಮುಖ ಸಡಿಲವಾಯಿತು. ಅವನಿಗೆ ಅದನ್ನು ನಂಬಲು ಮನಸ್ಸಿತ್ತು. ಮಗಳಿಗೆ ಇಂಥ ಗುರು ಬೇರೆ ಸಿಗುವುದಿಲ್ಲವೆಂದು ಅವನಿಗೂ ಗೊತ್ತು. ಮೊಮ್ಮಗಳಿಂದ ಅದನ್ನು ಕೇಳಿ ರತ್ನಾವತಿಯಮ್ಮ ಶಾಲು ಬಿಟ್ಟು, "ಹಾಗಾ? ಹಾಗೇ ಇರ್ಬೇಕು. ಪೆಟ್ಟಾದ್ರೆ ಹಾಗೇ ಆಗ್ತದೆ," ಅಂದರು. ಎಲ್ಲರೂ ಹೈಬೊನ ತಲೆಯನ್ನೇ ನೋಡುತ್ತ ನಿಂತರು. ಅದು ಒಮ್ಮೆ ಆಡಿದರೆ ಸಾಕಿತ್ತು.

"ನನಗೆ ಎಲ್ಲ ನೆನಪಿದೆ," ಅಂದ ಹೈಬೊ, ಎಲ್ಲರಿಗೂ ತಿಳಿಯುವ ಹಾಗೆ ಇಂಗ್ಲಿಷಿನಲ್ಲೇ. "ಬೇಡ, ಲಾನ್."