ಮನೆಯವರಿಗೆ ಗೊತ್ತಿಲ್ಲದ ಎಂಟು ಅಂಕಿ

ಹಾಲು ಕಾಸಿದ್ದು, ನೀರು ಹೋಗುವ ಮುಂಚೆ ಎರಡು ಡ್ರಮ್ ತುಂಬಿದ್ದು, ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದ್ದು, ಸಿಲಿಂಡರ್ ಬದಲಿಸಿದ್ದು, ಹಾಸಿಗೆ ಬಿಸಿಲಿಗೆ ಹಾಕಿದ್ದು, ಹನ್ನೊಂದು ಪುಟ ಟೈಪ್ ಮಾಡಿದ್ದು. ಆ ಶನಿವಾರದ ಕೆಲಸ ಇಷ್ಟು.

ಶಿವಾಜಿನಗರದ ವಕೀಲೆಯೊಬ್ಬರಿಗೆ ನಾನು ಮನೆಯಿಂದಲೇ ಟೈಪಿಂಗ್ ಮಾಡಿಕೊಡುತ್ತೇನೆ. ಗಂಡನ ಮನೆಯಲ್ಲಿ ಹೊಡೆತ ತಿಂದ ಹೆಂಗಸರ ಹೇಳಿಕೆಗಳು. ಅಂದಿನದು ನಮ್ಮದೇ ಸೊಸೈಟಿ ಕಟ್ಟಡದ, ಮೂರನೇ ಮಹಡಿಯ ಮನೆಯ ಸೊಸೆಯದು. ಮುಂದಿನ ವಾರ ಅವಳು ಮನೆ ಬಿಡುವವಳಿದ್ದಳು. ಎಲ್ಲಿಗೆ ಹೋಗುತ್ತಾಳೆಂಬುದೂ ಆ ಪುಟಗಳಲ್ಲಿತ್ತು. ಅವಳ ಅತ್ತೆಯೂ ನನ್ನ ಅತ್ತೆಯೂ ದಿನಾ ಸಂಜೆ ಕಟ್ಟಡದ ಕೆಳಗೆ ಒಂದೇ ಬೆಂಚಿನ ಮೇಲೆ ಕೂರುವವರು.

ವಕೀಲೆ ಫೋನಿನಲ್ಲಿ ಎರಡು ದಾರಿ ಹೇಳಿದ್ದರು. ಲ್ಯಾಪ್‌ಟಾಪಿನ ಇಡೀ ಡಿಸ್ಕಿಗೇ ಬೀಗ ಹಾಕುವುದು; ಚಾಲೂ ಮಾಡುವಾಗ ಪಾಸ್‌ವರ್ಡ್ ಕೇಳುತ್ತದೆ. ಇಲ್ಲವೇ ಅವರು ಕಳಿಸಿದ ಪುಟ್ಟ ಪೆನ್ ಡ್ರೈವ್. ಬೀಗ ಅದರೊಳಗೇ ಇದೆ, ಮೈಮೇಲೆ ಅಂಕಿಯ ಗುಂಡಿಗಳು. ಹತ್ತು ಸಲ ತಪ್ಪು ಒತ್ತಿದರೆ ಒಳಗಿನದೆಲ್ಲ ಅಳಿಸಿಹೋಗುತ್ತದೆ.

ನನಗೆ ಡಿಸ್ಕಿನ ಬೀಗವೇ ಸುಲಭವೆನಿಸಿತು. ಈರುಳ್ಳಿ ವ್ಯಾಪಾರದ ಮಾರ್ಕೆಟ್ ಯಾರ್ಡಿಗೆ ರಜೆಯಿದ್ದುದರಿಂದ ಗಂಡ ಮನೆಯಲ್ಲೇ ಇದ್ದರು. ಡಿಸ್ಕಿಗೆ ಬೀಗ ಹಾಕುತ್ತೇನೆಂದು ಅವರಿಗೆ ಹೇಳಿದೆ.

"ಹಾಕು. ಪಾಸ್‌ವರ್ಡ್ ಇಟ್ಟಮ್ಯಾಲೆ ನನಗ ಹೇಳು. ಮುಂಜಾನೆ ಉಳ್ಳಾಗಡ್ಡಿ ರೇಟ್ ನೋಡಬೇಕಲಾ," ಎಂದರು.

ಒಳಗಿನಿಂದ ಅತ್ತೆ, "ನನಗೂ ಹೇಳವಾ, ಭಜನಿ ಹಚ್ಚಾಕ."

"ನಿಮಗ್ಯಾಕ್ರಿ ಅತ್ತಿ, ನಾ ಹಚ್ಚಿ ಕೊಡ್ತೀನಲಾ."

"ಯಾಕ, ನಾ ಏನ್ ಕಳ್ಳಿ ಏನು?"

"ಅವ್ವಗ ಹೇಳಿದ್ರ ಸೊಸೈಟಿ ಬೋರ್ಡಿಗೆ ನೋಟಿಸ್ ಹಚ್ಚಿದಂಗ!" ಎಂದು ಗಂಡ ನಕ್ಕರು. ನಾನೂ ನಕ್ಕೆ, ಆದರೆ ಕೈ ನಿಂತಿತು. ಆ ಬೀಗ ಲ್ಯಾಪ್‌ಟಾಪ್ ಬಸ್ಸಿನಲ್ಲಿ ಕಳೆದರೆ ಕಾದೀತು. ಮನೆಯಲ್ಲಿ ಬೆಳಗ್ಗೆ ಒಮ್ಮೆ ತೆರೆದರೆ ದಿನವಿಡೀ ಎಲ್ಲರಿಗೂ ತೆರೆದಂತೆಯೇ.

ಡ್ರೈವನ್ನೇ ಕೈಗೆತ್ತಿಕೊಂಡೆ. ಎಂಟು ಅಂಕಿ ಬೇಕಿತ್ತು. ಮದುವೆಯ ತಾರೀಖು ಗಂಡನ ಫೋನಿನ ಪಾಸ್‌ವರ್ಡ್. ಮಗಳು ಹುಟ್ಟಿದ ದಿನ ಅತ್ತೆಯ ಫೋನಿನದು. ತವರಿನ ಹಳೆಯ ಫೋನ್ ನಂಬರ್ ಇಬ್ಬರಿಗೂ ಬಾಯಿಪಾಠ. ನಾನು ಹುಟ್ಟಿದ ದಿನ ಆಧಾರ್ ಕಾರ್ಡಿನಲ್ಲಿದೆ, ಕಾರ್ಡು ಗಂಡನ ಕಪಾಟಿನಲ್ಲಿದೆ. ಐವತ್ತೊಂದು ವರ್ಷ ಬದುಕಿದ ಮೇಲೂ ನನ್ನೊಬ್ಬಳಿಗೇ ಗೊತ್ತಿರುವ ಎಂಟು ಅಂಕಿ ನನ್ನ ಬಳಿ ಇರಲಿಲ್ಲ.

ಕೊನೆಗೆ ಹಿಂದುಮುಂದಿಲ್ಲದ ಅಂಕಿಗಳನ್ನೇ ಒತ್ತಿದೆ. ಪುಟಗಳನ್ನು ಅದರೊಳಗೆ ಸೇರಿಸಿ, ಲ್ಯಾಪ್‌ಟಾಪಿನಿಂದ ತೆಗೆದೆ. ಅಂಕಿಗಳನ್ನು ಬರೆದಿಡಲು ಜಾಗ ಹುಡುಕಿದೆ. ಕ್ಯಾಲೆಂಡರ್, ಸಾಸಿವೆ ಡಬ್ಬಿ, ಸೀರೆಯ ಮಡಿಕೆ. ಈ ಮನೆಯಲ್ಲಿ ಎಲ್ಲರ ಕೈಯೂ ಎಲ್ಲ ಕಡೆ ಆಡುತ್ತದೆ. ಬರೆಯಲಿಲ್ಲ. ಆದರೆ ಮರೆತರೆ? ಅವಳ ಹೇಳಿಕೆಯ ರೆಕಾರ್ಡಿಂಗನ್ನು, ಟೈಪ್ ಆದ ಕೂಡಲೇ ಅಳಿಸಿಬಿಡಿ ಎಂದು ಅವಳೇ ಹೇಳಿದ್ದಳು, ಅಳಿಸಿದ್ದೆ. ಉಳಿದಿದ್ದು ಈ ಹನ್ನೊಂದು ಪುಟ ಮಾತ್ರ. ಅದನ್ನೆಲ್ಲ ಇನ್ನೊಂದು ಸಲ ಹೇಳು ಎಂದು ಅವಳಿಗೆ ಹೇಗೆ ಹೇಳುವುದು?

ಸಂಜೆ ರೊಟ್ಟಿ ಬಡಿಯುತ್ತಾ ಅಂಕಿಗಳನ್ನು ಬಾಯಿಪಾಠ ಮಾಡುತ್ತಿದ್ದೆ. ಅತ್ತೆ ಕೆಳಗಿನ ಬೆಂಚಿನಿಂದ ಎದ್ದು ಬಂದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಬಾಯಾಗ ಏನ್ ಗುಣಗುಣಸಾಕತ್ತಿ?"

"ದೇವರ ಹೆಸರ್ರಿ."

"ಮೂರನೇ ಮಾಳಿಗಿ ಸೊಸಿ ಭಾಳ ಸುಮ್ಮಗಾಗ್ಯಾಳಂತ. ಆಕಿ ಅತ್ತಿಗೆ ಅದಽ ಚಿಂತಿ. ನಿನ್ನ ಕೂಡ ಏನರ ಮಾತಾಡ್ಯಾಳೇನು?"

"ನನಗೇನ್ ಗೊತ್ತರಿ ಅತ್ತಿ."

ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಹಂಚಿನ ಮೇಲಿನ ರೊಟ್ಟಿ ಕರಕಲಾಯಿತು. ಆ ಗಳಿಗೆಯಲ್ಲಿ ಐದನೇ ಅಂಕಿ ಹಾರಿಹೋಗಿ, ಅವರು ಆಚೆ ಹೋದ ಮೇಲೆ ಮರಳಿ ಬಂತು.

ಊಟಕ್ಕೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಮೊಸರು. ಕರಕಲಾದದ್ದನ್ನು ನಾನು ತಿಂದೆ. ಮೊದಲು ಗಂಡ ಮಲಗಿದರು, ಆಮೇಲೆ ಅತ್ತೆ. ನಾನು ಕತ್ತಲಲ್ಲಿ ಎಂಟೂ ಅಂಕಿಗಳನ್ನು ಮೊದಲಿನಿಂದ ಇನ್ನೊಮ್ಮೆ ಹೇಳಿಕೊಂಡೆ.